ಮಾರ್ಚ್ ಮಳೆಯ ಲೆಕ್ಕ

ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದು ಇರುತ್ತದೆ. ಅಂಗಳದ ಮಳೆ ಮಾಪಕದಲ್ಲಿ ನಿಂತ ನೀರನ್ನು ಬೆಳಿಗ್ಗೆ ಅಳತೆ ಗ್ಲಾಸಿಗೆ ಸುರಿದು, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ಸ್ ಆದರೆ ಒಂದು ಇಂಚು. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳಿದರೂ ತೋಟದವರಿಗೆ ಅದು ಒಗ್ಗಿಲ್ಲ. ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವ ಮೊದಲೇ "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯ್ತು?" ಅನ್ನುತ್ತಾರೆ.

ಮೂಡಿಗೆರೆ ಕಡೆಯ ನನ್ನ ಮಾವ ಅಂಥವರಲ್ಲಿ ಒಬ್ಬರು. ಈ ಜನವರಿಯಲ್ಲಿ ಅಲ್ಲಿಗೆ ಹೋದಾಗ ಅವರ ತಲೆಯಲ್ಲಿ ಸ್ಪ್ರಿಂಕ್ಲರ್ ಒಂದೇ ಕೂತಿತ್ತು. ಪಂಪ್‌ಸೆಟ್ ರಿಪೇರಿ ಮಾಡಿಸಿ, ಪೈಪ್ ತಂದು ರೋಬಸ್ಟಾ ಕಾಫಿಗೆ ನೀರು ಹೊಡೆಯುವುದೋ, ಸುಮ್ನೆ ಹೂ ಮಳೆಗೆ ಕಾಯುವುದೋ? "ನೀನು ದಿನವಿಡೀ ಎಕ್ಸೆಲ್ ಒತ್ತುತ್ತೀಯಲ್ಲ, ಮಾರ್ಚಿನಲ್ಲಿ ನಮ್ಮಲ್ಲಿ ಎಷ್ಟು ಮಳೆ ಆಗುತ್ತೆ ಅಂತ ತೆಗೆದುಕೊಡು" ಅಂದರು.

ಕಾಫಿ ಗೊತ್ತಿಲ್ಲದವರಿಗೆ ಒಂದು ಮಾತು. ಬೇಸಿಗೆಯ ಶುರುವಿನಲ್ಲಿ ಸುಮಾರು ಒಂದಿಂಚು ಮಳೆ ಒಟ್ಟಿಗೆ ಬಿದ್ದರೆ, ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಇಪ್ಪತ್ತೋ ಮೂವತ್ತೋ ಸೆಂಟ್ಸ್ ಬಿದ್ದು ನಿಂತರೆ ಮೊಗ್ಗು ಅರೆಬರೆ ಆಗಿ ಫಸಲು ಹೋಗುತ್ತದೆ. ಅಂದರೆ ಮಳೆ ಬಂದರೆ ಸಾಲದು, ಸಾಕಷ್ಟು ಬರಬೇಕು.

ಪುಸ್ತಕಗಳನ್ನು ಜಗುಲಿಯಲ್ಲಿ ಹರಡಿಕೊಂಡು ಕೂತೆ. ಮೊದಲ ತೊಡಕು ಖಾಲಿ ಪುಟ. ಕೆಲವು ವರ್ಷ ಮಾರ್ಚಿನ ಪ್ರತಿ ದಿನದ ಮುಂದೆ ಮಾವ ಸೊನ್ನೆ ಬರೆದಿದ್ದರು. ಒಂದು ವರ್ಷ ಮಾತ್ರ ಏನೂ ಇರಲಿಲ್ಲ. ಕೇಳಿದರೆ, "ಆ ತಿಂಗಳು ಅತ್ತೆಗೆ ಆಪರೇಷನ್, ನಾವು ಊರಲ್ಲೇ ಇರಲಿಲ್ಲ ಕಣೋ" ಅಂದರು. ಮಳೆ ಬರದೇ ಇದ್ದದ್ದು ಬೇರೆ, ಅಳೆಯದೇ ಇದ್ದದ್ದು ಬೇರೆ. ಎಕ್ಸೆಲ್ ಸರಾಸರಿ ತೆಗೆಯುವಾಗ ಸೊನ್ನೆಯನ್ನು ಎಣಿಸುತ್ತದೆ, ಖಾಲಿ ಕೋಶವನ್ನು ಬಿಡುತ್ತದೆ. ಹಾಗಾಗಿ ಅದನ್ನು ಖಾಲಿಯೇ ಬಿಟ್ಟೆ. ಉಳಿದದ್ದು 11 ವರ್ಷ.

ಒಂದೊಂದು ವರ್ಷದ ಮಾರ್ಚ್ ಮೊತ್ತವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ಇಂಚಿನಲ್ಲಿ ಹೀಗೆ ಬಂತು: 0, 0, 0.10, 0.25, 0.40, 0.60, 0.85, 1.05, 1.35, 2.00, 5.50. ಒಟ್ಟು 12.10, ಸರಾಸರಿ 1.10.

ಮಾವನ ಮುಖ ಅರಳಿತು. "ಒಂದಿಂಚು ಹತ್ತು ಸೆಂಟ್ಸ್! ಹಾಗಾದ್ರೆ ಪಂಪ್ ಯಾಕೆ?"

ತಡೀರಿ ಮಾವ ಅಂದೆ. ಸಾಲಿನ ನಡುವಿನ ಅಂಕಿ, ಅಂದರೆ ಆರನೆಯದು, 0.60. ಶಾಲೆಯಲ್ಲಿ ಮಧ್ಯಾಂಕ ಅಂತ ಓದಿದ್ದೆವಲ್ಲ, ಅದೇ. ಐದು ವರ್ಷ ಅದಕ್ಕಿಂತ ಕಡಿಮೆ, ಐದು ವರ್ಷ ಜಾಸ್ತಿ. ಸರಾಸರಿ ಹೂ ಅರಳುತ್ತದೆ ಅನ್ನುತ್ತಿದೆ, ಮಧ್ಯಾಂಕ ಅರಳುವುದಿಲ್ಲ ಅನ್ನುತ್ತಿದೆ. ಇಬ್ಬರೂ ಅದೇ ಪುಸ್ತಕದವರೇ!

ಜಗಳ ಹಚ್ಚಿದ್ದು ಕೊನೆಯ 5.50. ಬರೆಯುವಾಗ ಚುಕ್ಕಿ ಆಚೀಚೆ ಆಗಿರಬಹುದಾ, 0.55 ಇರಬಹುದಾ ಅಂತ ಅನುಮಾನ ಬಂತು. ಆ ವರ್ಷದ ಪುಟ ತೆಗೆದು ದಿನದಿನದ ಅಂಕಿ ಕೂಡಿಸಿದೆ. ಸರಿಯಾಗಿಯೇ ಇತ್ತು, ಆ ತಿಂಗಳ ಬೇರೆ ಬೇರೆ ಮೂರು ದಿನ ಸುರಿದ ಮಳೆ. ಮಾವನಿಗೂ ನೆನಪಾಯಿತು. ಮೊದಲ ಮಳೆಗೆ ಹೂ ಬಂದು, ಅದು ಅರಳಿದ ದಿನವೇ ಎರಡನೆಯದು ಬಡಿದು ಹೂ ಕೊಳೆತಿತ್ತಂತೆ. ನಿಜವಾದ ಅಂಕಿಯನ್ನು ಕಣ್ಣಿಗೆ ಚುಚ್ಚುತ್ತದೆ ಅಂತ ಅಳಿಸುವ ಹಾಗಿಲ್ಲ. ಆದರೆ ಅದೊಂದನ್ನು ಪಕ್ಕಕ್ಕಿಟ್ಟು ನೋಡಿದರೆ ಉಳಿದ 10 ವರ್ಷದ ಸರಾಸರಿ ಬರೀ 0.66. ಸರಾಸರಿಯನ್ನು ಒಂದಿಂಚಿನ ಮೇಲೆ ಹೊತ್ತಿದ್ದು ಆ ಒಂದೇ ವರ್ಷ, ಅದೂ ಫಸಲು ಹಾಳಾದ ವರ್ಷ.

ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಅಂತ ಹೇಳುವ ಮಾನಕ ವಿಚಲನೆಯನ್ನೂ ತೆಗೆದೆ. 1.59 ಬಂತು. ಸರಾಸರಿಗಿಂತ ಅದೇ ದೊಡ್ಡದು! 1.10ರಿಂದ 1.59 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತೇವೆ. "ಮೈನಸ್ ಮಳೆ ಅಂದ್ರೆ ನೆಲದಿಂದ ಮೇಲಕ್ಕೆ ಹೋಗೋದಾ?" ಅಂತ ಮಾವ ನಕ್ಕರು. ಇಂಥ ಕಡೆ ಸರಾಸರಿಯ ಅತ್ತಿತ್ತ ಇಷ್ಟಿಷ್ಟು ಅಂತ ಹೇಳುವುದರಲ್ಲಿ ಅರ್ಥವಿಲ್ಲ. ಅಂಕಿಗಳು ಎರಡೂ ಕಡೆ ಸಮನಾಗಿ ಹರಡಿಲ್ಲ, ಒಂದೇ ಕಡೆ ಬಾಲ ಚಾಚಿವೆ. ಜುಲೈ ಮಳೆಗೂ ಇದೇ ಲೆಕ್ಕ ಮಾಡಿ ನೋಡಿದೆ. ಅಲ್ಲಿ ಸರಾಸರಿ ಮತ್ತು ಮಧ್ಯಾಂಕ ಹತ್ತಿರ ಹತ್ತಿರವೇ ಇದ್ದವು. ಮುಂಗಾರು ನಂಬಿಗಸ್ಥ. ಹೂ ಮಳೆ ಹಾಗಲ್ಲ.

ಇಷ್ಟಾದ ಮೇಲೆ ಮಾವ ಕೇಳಿದ ಪ್ರಶ್ನೆಯೇ ನನಗೆ ಚೆನ್ನಾಗಿತ್ತು: "ಅದೆಲ್ಲ ಇರಲಿ, ಒಂದೇ ದಿನ ಒಂದಿಂಚು ಬಿದ್ದದ್ದು ಎಷ್ಟು ವರ್ಷ?"

ತಿಂಗಳ ಮೊತ್ತ ಬಿಟ್ಟು ದಿನದ ಪುಟಗಳಿಗೆ ಮತ್ತೆ ಹೋದೆವು. ಮೊತ್ತ ಒಂದಿಂಚು ದಾಟಿದ್ದು ನಾಲ್ಕು ವರ್ಷ. ಅದರಲ್ಲಿ ಎರಡಿಂಚು ಆದ ವರ್ಷ ಇಪ್ಪತ್ತು ಮೂವತ್ತು ಸೆಂಟ್ಸಿನಂತೆ ಜಿನುಗಿ ಜಿನುಗಿ ಬಂದದ್ದು, ಹೂವಿಗೆ ಉಪಯೋಗ ಇಲ್ಲ. ಅದನ್ನು ಬಿಟ್ಟರೆ 11ರಲ್ಲಿ ಮೂರು. ಸರಾಸರಿ, ವಿಚಲನೆ ಎಲ್ಲಕ್ಕಿಂತ ಈ ಎಣಿಕೆ ತೋಟಕ್ಕೆ ಹತ್ತಿರ ಅಲ್ವಾ?

11 ವರ್ಷ ಕಡಿಮೆಯೇ. ಹವಾಮಾನ ಇಲಾಖೆ ಮುಂಗಾರಿನ ವಾಡಿಕೆ ಮಳೆಗೆ 1971ರಿಂದ 2020ರವರೆಗೆ 50 ವರ್ಷದ ಸರಾಸರಿ ಹಿಡಿಯುತ್ತದೆ. ಇಡೀ ದೇಶಕ್ಕೆ ಅದು ಸುಮಾರು 87 ಸೆಂಟಿಮೀಟರ್. ಅಷ್ಟು ಹಳೆಯ ಪುಸ್ತಕ ಪಕ್ಕದ ತೋಟದವರ ಹತ್ತಿರ ಇದೆಯಂತೆ. ಗೆದ್ದಲು ತಿಂದಷ್ಟು ತಿಂದು ಉಳಿದದ್ದನ್ನು ಕೊಡುತ್ತೇವೆ ಅಂದಿದ್ದಾರೆ. ಸದ್ಯಕ್ಕೆ ಮಾವ ಮೆಕ್ಯಾನಿಕ್‌ಗೆ ಫೋನ್ ಮಾಡಿ ಪಂಪ್ ಬಿಚ್ಚಿಸಿದ್ದಾರೆ. ಕೆರೆಯಲ್ಲಿ ಫೆಬ್ರವರಿ ಕೊನೆಗೆ ಎಷ್ಟು ಅಡಿ ನೀರು ಉಳಿಯುತ್ತದೆ ಅಂತ ನಾನು ಕೇಳಿದೆ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ.