ಕೊಕ್ಕೆ ಇಲ್ಲದ ಟಾಮ್‌ಕ್ಯಾಟ್

ಭಾನುವಾರ, 16 ನವೆಂಬರ್ 2025

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ಇವತ್ತು ತೆಗೆದ ಸ್ಕ್ರೀನ್‌ಶಾಟ್ 214. ಉಳಿಸಿಕೊಂಡದ್ದು ಒಂದು. ಮಧ್ಯಾಹ್ನ ಮೂರು ಗಂಟೆವರೆಗೂ ನನ್ನ ಲೆಕ್ಕ ಬೇರೆಯೇ ಇತ್ತು. ಅಷ್ಟು ಹೊತ್ತಿಗೆ 90 ತೆಗೆದು ಮುಗಿಸಿದ್ದೆ. ಅದರಲ್ಲೊಂದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಆಗಲೇ ವಾಲ್‌ಪೇಪರ್ ಮಾಡಿಕೊಂಡುಬಿಟ್ಟಿದ್ದೆ.

ಬೇಕಿದ್ದದ್ದು ಒಂದೇ ಚಿತ್ರ. ಸಂಜೆ ಹೊತ್ತು, ಸಮುದ್ರದ ನಡುವೆ ವಿಮಾನವಾಹಕ ನೌಕೆ, ಅದರ ಡೆಕ್ ಮೇಲೆ ಇಳಿಯುತ್ತಿರುವ ಎಫ್-14 ಟಾಮ್‌ಕ್ಯಾಟ್. ಟಾಮ್‌ಕ್ಯಾಟೇ ಯಾಕೆ ಅಂದ್ರೆ, ಕ್ಯಾಮೆರಾ ಮುಂದೆ ಇಷ್ಟು ವೇಷ ಬದಲಿಸುವ ಯುದ್ಧವಿಮಾನ ಕಡಿಮೆ. ನಿಧಾನವಾಗಿ ಹೋಗುವಾಗ ರೆಕ್ಕೆಗಳು ಪೂರ್ತಿ ಚಾಚಿರುತ್ತವೆ, ಆಗ ಅಗಲ 19.5 ಮೀಟರ್. ವೇಗ ಏರಿದ ಹಾಗೆ ಕಂಪ್ಯೂಟರೇ ಅವನ್ನು ಹಿಂದಕ್ಕೆ ಎಳೆಯುತ್ತದೆ. 68 ಡಿಗ್ರಿವರೆಗೆ ಬಾಗಿದಾಗ ಅಗಲ 11.6 ಮೀಟರ್‌ಗೆ ಇಳಿಯುತ್ತದೆ. ನೌಕೆಯ ಮೇಲೆ ನಿಲ್ಲಿಸಿದಾಗ ಜಾಗ ಉಳಿಸಲು ಇನ್ನೂ ಹಿಂದಕ್ಕೆ, 75 ಡಿಗ್ರಿವರೆಗೆ. 1970ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ್ದು. 2006ರಲ್ಲಿ ಅಮೆರಿಕದ ನೌಕಾಪಡೆ ಇದನ್ನು ಸೇವೆಯಿಂದ ತೆಗೆಯಿತು. ಹೀಗಾಗಿ ಇದು ನೌಕೆಯ ಮೇಲೆ ಇಳಿಯುವ ಹೊಸ ಫೋಟೊ ಬೇಕೆಂದರೆ ನಮ್ಮಂಥವರೇ ಮನೆಯಲ್ಲಿ ಕೂತು ಇಳಿಸಿಕೊಳ್ಳಬೇಕು.

ಬೆಳಿಗ್ಗೆಯೆಲ್ಲ ಸೂರ್ಯನನ್ನು ಜಾಗಕ್ಕೆ ತರುವುದರಲ್ಲೇ ಹೋಯಿತು. ಸಿಮ್ಯುಲೇಟರ್‌ನಲ್ಲಿ ಸೂರ್ಯ ನಾವು ಹೇಳಿದ ಕಡೆ ಇರುತ್ತಾನೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗಡಿಯಾರ ತಿರುಗಿಸಬಹುದು, ಅಷ್ಟೇ. ಪಶ್ಚಿಮವನ್ನು ತಿರುಗಿಸೋಕಾಗಲ್ಲ. ನನಗೆ ಸೂರ್ಯ ನೌಕೆಯ ಎಡಗಡೆಗೆ ಮುಳುಗಬೇಕಿತ್ತು. ಅಂದರೆ ನೌಕೆ ಉತ್ತರಕ್ಕೆ ಮುಖ ಮಾಡಿ ಸಾಗಬೇಕು. ಆದರೆ ವಿಮಾನ ಇಳಿಸಿಕೊಳ್ಳುವ ನೌಕೆ ಬೇಕಾದ ಕಡೆ ಸಾಗುವುದಿಲ್ಲ, ಗಾಳಿಗೆ ಎದುರಾಗಿ ಸಾಗುತ್ತದೆ. ಎದುರುಗಾಳಿ ಇದ್ದಷ್ಟೂ ವಿಮಾನ ಡೆಕ್ ಮುಟ್ಟುವ ವೇಗ ಕಡಿಮೆ. ಹಾಗಾಗಿ ಮಿಷನ್ ಎಡಿಟರ್‌ನಲ್ಲಿ ಮೊದಲು ಗಾಳಿಯನ್ನು ಉತ್ತರದಿಂದ ಬೀಸುವ ಹಾಗೆ ಮಾಡಿದೆ. ನೌಕೆಯ ದಾರಿಯನ್ನು ಅದಕ್ಕೆ ಸರಿಯಾಗಿ ಎಳೆದೆ. ಆಮೇಲೆ ದಿನಾಂಕವನ್ನು ಮಾರ್ಚ್ 21ಕ್ಕೆ ಇಟ್ಟೆ. ಆವತ್ತು ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಪಶ್ಚಿಮದಲ್ಲೇ ಮುಳುಗುತ್ತಾನಲ್ಲ. ಒಂದು ಬೆಳಕಿಗಾಗಿ ಗಾಳಿ, ಹಡಗು, ಕ್ಯಾಲೆಂಡರ್ ಮೂರನ್ನೂ ಅಲ್ಲಾಡಿಸಿದ ಹಾಗಾಯಿತು.

ಹಾರಿದ್ದು ಚೆನ್ನಾಗೇ ಹಾರಿದೆ. ಒಂಬತ್ತನೇ ಸಲಕ್ಕೆ ವಿಮಾನ ಸರಿಯಾದ ಕೋನದಲ್ಲಿ, ಅಲುಗಾಡದೆ ಬಂತು. ರೀಪ್ಲೇಯಲ್ಲಿ ಕ್ಯಾಮೆರಾವನ್ನು ಡೆಕ್‌ನ ಮಧ್ಯದ ಗೆರೆಯ ಮೇಲೆ, ನೆಲಕ್ಕೆ ಅಂಟಿಸಿದ ಹಾಗೆ ಇಟ್ಟಿದ್ದೆ. ಟಾಮ್‌ಕ್ಯಾಟ್ ನೇರ ಮುಖದ ಮೇಲೇ ಬರುತ್ತಿದೆ. ಒಂದು ಕೆನ್ನೆಗೆ ಕಿತ್ತಳೆ ಬಿಸಿಲು, ಇನ್ನೊಂದು ಕೆನ್ನೆ ನೀಲಿ ನೆರಳು. ಮುಂದಿನ ಚಕ್ರದ ಹತ್ತಿರ ಹಳದಿ ದೀಪ ಹೊತ್ತಿದೆ. ಆ ದೀಪ ಹಳದಿ ಇದ್ದರೆ ವಿಮಾನದ ವೇಗ ಸರಿಯಾಗಿದೆ ಎಂದರ್ಥ, ಹಸಿರಾದರೆ ನಿಧಾನ, ಕೆಂಪಾದರೆ ಜಾಸ್ತಿ. ಡೆಕ್ ಮೇಲೆ ನಿಂತು ನೋಡುವ ಅಧಿಕಾರಿಗೆ ದೂರದಿಂದಲೇ ಗೊತ್ತಾಗಲಿ ಅಂತ ಇಟ್ಟಿರುವುದು. ನನ್ನ ಚಿತ್ರದಲ್ಲಿ ಹಳದಿ. ಬೀಗದೆ ಇರೋಕಾಗುತ್ತಾ?

ಚಕ್ರ ಮುಟ್ಟಿದ ಮೇಲೆ ವಿಮಾನ ನಿಲ್ಲಲಿಲ್ಲ. ವಿಮಾನವನ್ನು ತಡೆದು ನಿಲ್ಲಿಸಲು ಡೆಕ್ ಮೇಲೆ ಅಡ್ಡ ಕಟ್ಟಿರುವ ನಾಲ್ಕೂ ತಂತಿ ತಪ್ಪಿ, ಮತ್ತೆ ಮೇಲೆ ಹಾರಿತು. ಅದಕ್ಕೆ ಬೋಲ್ಟರ್ ಅನ್ನುತ್ತಾರೆ, ಆಗುವುದೇ. ಇದಕ್ಕೆಂದೇ ಡೆಕ್ ಮುಟ್ಟಿದ ತಕ್ಷಣ ಪೈಲಟ್ ಇಂಜಿನ್ ಇಳಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ನಾನೂ ಏರಿಸಿದ್ದೆ. ಚಿತ್ರ ಮುಟ್ಟುವುದಕ್ಕೆ ಮುಂಚಿನದ್ದಲ್ವಾ, ಆಮೇಲೆ ಏನಾದರೆ ನನಗೇನು ಅಂತ ಸುಮ್ಮನಾದೆ.

ಮೂರು ಗಂಟೆಗೆ ತಂಗಿ ಚಾರ್ಜರ್ ಕೇಳೋಕೆ ರೂಮಿಗೆ ಬಂದಳು. ಪರದೆ ಮುಂದೆ ಅರ್ಧ ನಿಮಿಷ ನಿಂತಳು.

"ಚೆನ್ನಾಗಿದೆ. ಆದ್ರೆ ಅಣ್ಣಾ, ತಂತಿಗೆ ಕೊಕ್ಕೆ ಸಿಕ್ಕಿಸಿ ನಿಲ್ಲಿಸ್ತಾರೆ ಅಂತ ನೀನೇ ಹೇಳಿದ್ಯಲ್ಲ. ಎಲ್ಲಿದೆ ಕೊಕ್ಕೆ?"

ಹಿಂದಿನ ಎರಡು ಚಕ್ರಗಳ ನಡುವೆ ನೋಡಿದೆ. ಅಲ್ಲಿ ಆಕಾಶ ಕಾಣಿಸುತ್ತಿತ್ತು. ಕೊಕ್ಕೆ ಇಳಿಸಿರಲೇ ಇಲ್ಲ.

ಇನ್ನೂ ನಾಚಿಕೆಯ ವಿಷಯ ಆಮೇಲೆ ಹೊಳೆಯಿತು. ಚಕ್ರ ಇಳಿದು ಕೊಕ್ಕೆ ಇಳಿಯದಿದ್ದರೆ ಪೈಲಟ್‌ನ ಕಣ್ಣೆದುರು ವೇಗ ಸರಿಯಿದೆಯಾ ಅಂತ ತೋರಿಸುವ ಇಂಡೆಕ್ಸರ್ ದೀಪ ಮಿಟುಕುತ್ತದೆ. ಹೊರಗಿನ ಆ ಹಳದಿ ದೀಪವೂ ಮಿಟುಕುತ್ತದೆ. ಹಾರುವಾಗ ಅದು ಮಿಟುಕಿದ್ದು ನನಗೆ ನೆನಪಿದೆ. ಗ್ರಾಫಿಕ್ಸ್ ಸೆಟ್ಟಿಂಗ್ ಏನೋ ಎಡವಟ್ಟಾಗಿದೆ ಅಂದುಕೊಂಡು, ಇಳಿದ ಮೇಲೆ ಸರಿಮಾಡೋಣ ಅಂತ ಬಿಟ್ಟಿದ್ದೆ. ಸ್ಕ್ರೀನ್‌ಶಾಟ್‌ನಲ್ಲಿ ಮಿಟುಕುವ ದೀಪಕ್ಕೂ ಉರಿಯುವ ದೀಪಕ್ಕೂ ವ್ಯತ್ಯಾಸವೇ ಇಲ್ಲ. "ಕೊಕ್ಕೆ ಮರೆತಿದ್ದೀಯ" ಅಂತ ಬಡಕೊಳ್ಳುತ್ತಿದ್ದ ದೀಪವನ್ನೇ ನಾನು ಆಹಾ ಎಂಥಾ ಹಳದಿ ಅಂತ ಮೆಚ್ಚಿಕೊಂಡು ಕೂತಿದ್ದೆ.

ತಂಗಿ ಹೋದ ಮೇಲೆ ಸ್ವಲ್ಪ ಹೊತ್ತು ವಕೀಲಿಕೆ ಮಾಡಿದೆ. ನೌಕೆಯ ಮೇಲೆ ಅಭ್ಯಾಸಕ್ಕೆ ಮುಟ್ಟಿ ಹಾರುವುದೂ ಇದೆ. ಹೊಸ ಪೈಲಟ್‌ಗಳು ಕೊಕ್ಕೆ ಮೇಲಿಟ್ಟುಕೊಂಡೇ ಬಂದು, ಡೆಕ್ ಮುಟ್ಟಿ, ಮತ್ತೆ ಏರುತ್ತಾರೆ. ಹಾಗಾದರೆ ನನ್ನ ಚಿತ್ರ ತಪ್ಪಲ್ಲ, ಅಭ್ಯಾಸದ ಚಿತ್ರ! ಇಷ್ಟು ಹೇಳಿಕೊಂಡು ಖುಷಿಯಾಗಿ ಇನ್ನೊಮ್ಮೆ ಜೂಮ್ ಮಾಡಿದರೆ, ವಿಮಾನದ ಕೆಳಗೆ ಆರು ಫೀನಿಕ್ಸ್ ಕ್ಷಿಪಣಿ. ಒಂದೊಂದೂ ಸುಮಾರು 450 ಕೆಜಿ. ಆರನ್ನೂ ಹೊತ್ತುಕೊಂಡು ನೌಕೆಗೆ ಮರಳಬೇಕಾದರೆ ಇಂಧನ ತೀರಾ ಕಡಿಮೆ ಇರಬೇಕು, ಇಲ್ಲದಿದ್ದರೆ ಇಳಿಯುವ ತೂಕ ಮೀರುತ್ತದೆ. ಅಭ್ಯಾಸಕ್ಕೆ ಬಂದವನು ಆರು ಫೀನಿಕ್ಸ್ ಯಾಕೆ ನೇತು ಹಾಕಿಕೊಂಡು ಬರುತ್ತಾನೆ? ನೋಡೋಕೆ ಭರ್ಜರಿ ಅಂತ ನಾನೇ ತುಂಬಿಸಿದ್ದೆ. ವಾಲ್‌ಪೇಪರ್ ತೆಗೆದೆ.

ಇಂಥ ಪಾಠ ಮೊದಲನೆಯದೇನಲ್ಲ. ಹಿಂದೊಮ್ಮೆ ಎ-10 ವಿಮಾನದ ಚಿತ್ರವೊಂದನ್ನು ಎಡ ಬಲ ತಿರುಗಿಸಿದ್ದೆ, ಮೂಗು ಬಲಕ್ಕಿದ್ದರೆ ಚೆನ್ನ ಅಂತ. ಅಕ್ಷರ, ನಂಬರ್ ಒಂದೂ ಇಲ್ಲದ ಬಣ್ಣ ಹಾಕಿದ್ದರಿಂದ ಗೊತ್ತಾಗಲ್ಲ ಅಂದುಕೊಂಡಿದ್ದೆ. ಗೊತ್ತಾಗುತ್ತೆ. ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲ ರೆಕ್ಕೆಯಲ್ಲಿ ಹಸಿರು, ಇದು ಎಲ್ಲ ವಿಮಾನಕ್ಕೂ ಒಂದೇ. ಅದು ಸಾಲದು ಅಂತ ಎ-10ರ ಮುಂದಿನ ಚಕ್ರ ಮಧ್ಯದಲ್ಲಿರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಅದರ ಏಳು ನಳಿಗೆಯ ದೊಡ್ಡ ಗನ್‌ನಲ್ಲಿ ಗುಂಡು ಹೊರಡುವ ನಳಿಗೆ ಸರಿಯಾಗಿ ಮಧ್ಯದಲ್ಲಿ ಬರಬೇಕು. ಅದಕ್ಕೆ ಜಾಗ ಮಾಡಿಕೊಟ್ಟು ಚಕ್ರ ಪಕ್ಕಕ್ಕೆ ಹೋಗಿದೆ. ಗನ್‌ಗಾಗಿ ಚಕ್ರವನ್ನೇ ಪಕ್ಕಕ್ಕೆ ತಳ್ಳಿದ ವಿಮಾನ ಅದು. ಅದನ್ನು ನಾನು ಕನ್ನಡಿಯಲ್ಲಿ ತೋರಿಸಿದ್ದೆ.

ನಾಲ್ಕು ಗಂಟೆಗೆ ಮತ್ತೆ ಶುರು ಮಾಡಿದೆ. ಫೀನಿಕ್ಸ್‌ಗಳನ್ನು ಬಿಚ್ಚಿಸಿ ಸೈಡ್‌ವೈಂಡರ್ ಎಂಬ ಹಗುರ ಕ್ಷಿಪಣಿ ಎರಡು ಮಾತ್ರ ಬಿಟ್ಟೆ. ಇಂಧನ ಇಳಿಸಿದೆ. ಕ್ಯಾಮೆರಾ ಜಾಗವನ್ನೂ ಬದಲಿಸಿದೆ. ಡೆಕ್‌ನ ನಡುಗೆರೆಯ ಮೇಲೆ ಅಂಗಾತ ಮಲಗಿ ಫೋಟೊ ತೆಗೆಯುವವನು ಬದುಕಿ ಬರುವುದಿಲ್ಲವಲ್ಲ. ನನಗೆ ಈಚೆಗೆ ಇದೊಂದು ಹಠ ಬಂದಿದೆ: ಕ್ಯಾಮೆರಾ ಇಟ್ಟ ಕಡೆ ಒಬ್ಬ ಮನುಷ್ಯ ನಿಲ್ಲುವಂತಿರಬೇಕು. ಇಲ್ಲಾಂದ್ರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆಟದ ಚಿತ್ರ ಅಂತ ಯಾರಿಗಾದರೂ ಅನ್ನಿಸಿಬಿಡುತ್ತದೆ. ಯಾಕೆ ಅಂತ ಅವರಿಗೇ ಹೇಳೋಕೆ ಬರಲ್ಲ.

ನೌಕೆಯ ಬಲಗಡೆ ಗೋಪುರದ ಹಾಗೆ ನಿಂತ ಕಟ್ಟಡ ಇರುತ್ತದಲ್ಲ, ಅದರ ಮೇಲೊಂದು ಬಾಲ್ಕನಿ ಇದೆ. ಕೆಲಸ ಇಲ್ಲದವರೆಲ್ಲ ಅಲ್ಲಿ ನಿಂತು ಕೆಳಗೆ ಇಳಿಯುವವರ ಪಾಡು ನೋಡುತ್ತಾರೆ. ಆ ಜಾಗಕ್ಕೆ ನಾವಿಕರು ಇಟ್ಟ ಹೆಸರಿನ ಅರ್ಥ ರಣಹದ್ದುಗಳ ಸಾಲು. ಫ್ರೀ ಕ್ಯಾಮೆರಾವನ್ನು ಅಲ್ಲಿಗೆ ಏರಿಸಿ, ಕಂಬಿಯ ಎತ್ತರಕ್ಕೆ ಇಳಿಸಿದೆ. ನಾನೂ ಒಂದು ಹದ್ದು.

ಲೆನ್ಸ್ ಲೆಕ್ಕ ಒಂದಿಷ್ಟು ಬರೆದಿಡುತ್ತೇನೆ, ಮುಂದೆ ನನಗೇ ಬೇಕಾಗುತ್ತದೆ. ಸಿಮ್ಯುಲೇಟರ್‌ನಲ್ಲಿ ಮಿಲಿಮೀಟರ್ ಇಲ್ಲ, ನೋಟದ ಕೋನ ಇದೆ. 90 ಡಿಗ್ರಿ ಅಂದರೆ ಫುಲ್ ಫ್ರೇಮ್ ಕ್ಯಾಮೆರಾದ 18 ಎಂಎಂ ಲೆನ್ಸ್. 40 ಡಿಗ್ರಿ ಅಂದರೆ 50 ಎಂಎಂ. 10 ಡಿಗ್ರಿ ಅಂದರೆ ಸುಮಾರು 200. ಟಾಮ್‌ಕ್ಯಾಟ್ ಉದ್ದ 19 ಮೀಟರ್. ಅದು ಪಕ್ಕದಿಂದ ಚಿತ್ರದ ಅರ್ಧ ಅಗಲ ತುಂಬಬೇಕಾದರೆ 90 ಡಿಗ್ರಿಯಲ್ಲಿ ಬರೀ 19 ಮೀಟರ್ ದೂರ ನಿಲ್ಲಬೇಕು. 10 ಡಿಗ್ರಿಯಲ್ಲಿ 220 ಮೀಟರ್ ದೂರ. ಈಗ ಅದೇ ದೂರದಲ್ಲಿ ವಿಮಾನ ನಿಮ್ಮ ಕಡೆ ಮುಖ ತಿರುಗಿಸಿತು ಅನ್ನಿ. 19 ಮೀಟರ್‌ನಲ್ಲಿ ಮೂಗು ಬಾಲಕ್ಕಿಂತ ಮೂರು ಪಟ್ಟು ಹತ್ತಿರ, ಹಾಗಾಗಿ ಮೂಗು ಊದಿಕೊಂಡು ಬಾಲ ಹುಳದಷ್ಟಾಗುತ್ತದೆ. 220ರಲ್ಲಿ ಮೂಗು ಬಾಲಗಳ ದೂರದ ವ್ಯತ್ಯಾಸ ನೂರಕ್ಕೆ ಹತ್ತರಷ್ಟೂ ಇಲ್ಲ, ವಿಮಾನ ಇದ್ದ ಹಾಗೇ ಕಾಣುತ್ತದೆ. ಬೆಳಗಿನ ಚಿತ್ರ ಭರ್ಜರಿಯಾಗಿ ಕಂಡದ್ದರಲ್ಲಿ ಅರ್ಧ ಪಾಲು ಆ ಊದಿದ ಮೂಗಿನದು. ಬಾಲ್ಕನಿಯಿಂದ ಇಳಿಯುವ ಜಾಗಕ್ಕೆ ಐವತ್ತು ಮೀಟರ್ ಆಸುಪಾಸು ಬಂತು. 40 ಡಿಗ್ರಿ ಇಟ್ಟೆ. ಸಪ್ಪೆ ಅನ್ನಿಸಿತು. ಇರಲಿ ಅಂತ ಬಿಟ್ಟೆ.

ಆಮೇಲೆ ರೀಪ್ಲೇ ಕಾಟ ಶುರುವಾಯಿತು. ನಾನು ಬಳಸುವ ಸಿಮ್ಯುಲೇಟರ್ ರೀಪ್ಲೇಗೆ ವಿಡಿಯೊ ಇಟ್ಟುಕೊಳ್ಳುವುದಿಲ್ಲ. ಜಾಯ್‌ಸ್ಟಿಕ್ ಹೇಗೆ ಅಲ್ಲಾಡಿತು, ಯಾವ ಬಟನ್ ಯಾವಾಗ ಒತ್ತಿದೆ, ಇಷ್ಟನ್ನೇ ಬರೆದಿಟ್ಟುಕೊಂಡು ಇಡೀ ಹಾರಾಟವನ್ನು ಮತ್ತೆ ಲೆಕ್ಕ ಹಾಕುತ್ತದೆ. ಲೆಕ್ಕ ಒಂದು ಕೂದಲೆಳೆ ತಪ್ಪಿದರೂ ಸಾಕು, ಇಪ್ಪತ್ತು ನಿಮಿಷದಲ್ಲಿ ಕೂದಲು ಹಗ್ಗವಾಗಿರುತ್ತದೆ. ಮೂರನೇ ತಂತಿಗೆ ಚೆಂದವಾಗಿ ಸಿಕ್ಕಿಕೊಂಡಿದ್ದ ನನ್ನ ಟಾಮ್‌ಕ್ಯಾಟ್, ರೀಪ್ಲೇಯಲ್ಲಿ ನೌಕೆಯ ಹಿಂಭಾಗಕ್ಕೆ ಬಡಿದು ಸಮುದ್ರಕ್ಕೆ ಬಿತ್ತು. ನಾನು ಬಾಲ್ಕನಿಯಲ್ಲಿ ನಿಂತು, ಬಾರದ ವಿಮಾನಕ್ಕೆ ಕಾಯುತ್ತಿದ್ದೆ. ಎರಡನೇ ಸಲವೂ ಹಾಗೇ. ಕೊನೆಗೆ ಮಿಷನ್ನನ್ನೇ ಚಿಕ್ಕದು ಮಾಡಿದೆ: ನೌಕೆಯಿಂದ ಮೂರು ಮೈಲಿ ಹಿಂದೆ, ಚಕ್ರ ಇಳಿಸಿದ ಸ್ಥಿತಿಯಲ್ಲೇ ಶುರು. ಎರಡು ನಿಮಿಷದಲ್ಲಿ ಲೆಕ್ಕ ತಪ್ಪೋಕೆ ಪುರುಸೊತ್ತು ಇರಲ್ಲ. ಕೊಕ್ಕೆಯನ್ನು ಮಾತ್ರ ಪ್ರತಿ ಸಲ ನಾನೇ ಕೈಯಾರೆ ಇಳಿಸಿದೆ. ಆಣೆ ಮಾಡಿದವರ ಹಾಗೆ, ಜೋರಾಗಿ "ಕೊಕ್ಕೆ" ಅಂತ ಹೇಳಿಕೊಂಡು.

ಏಳು ಗಂಟೆ ಹೊತ್ತಿಗೆ ಒಂದು ಒಳ್ಳೆ ಲ್ಯಾಂಡಿಂಗ್ ಸಿಕ್ಕಿತು. ರೀಪ್ಲೇಯಲ್ಲೂ ವಿಮಾನ ಡೆಕ್‌ಗೇ ಬಂತು. ಸಮಯ ನಿಧಾನ ಮಾಡಿ, ಚಕ್ರ ಮುಟ್ಟಿದ ಕ್ಷಣದಿಂದ ಒಂದೊಂದು ಹೆಜ್ಜೆಗೂ ಸ್ಕ್ರೀನ್‌ಶಾಟ್ ಒತ್ತುತ್ತಾ ಹೋದೆ. ಬಾಕಿ ಚಿತ್ರಗಳು ರಾಶಿಯಾಗಿ ಬಿದ್ದದ್ದು ಇಲ್ಲೇ. ಮುಟ್ಟುವ ಮೊದಲು ಎಲ್ಲವೂ ಪೋಸ್ ಕೊಟ್ಟ ಹಾಗೆ ಕಾಣುತ್ತವೆ. ಮುಟ್ಟಿದ ಮೇಲೆ ಟೈರ್ ಹೊಗೆ, ಚೆನ್ನ, ಆದರೆ ಎಲ್ಲರೂ ತೆಗೆಯುವಂಥದ್ದು. ನನ್ನದು ಅದರ ಮುಂದಿನದು. ಕೊಕ್ಕೆ ಮೂರನೇ ತಂತಿಯನ್ನು ಕಚ್ಚಿದೆ. ತಂತಿ ಮುಂದಕ್ಕೆ ಬಿಗಿದು ಇಂಗ್ಲಿಷಿನ ವಿ ಆಕಾರಕ್ಕೆ ಬಂದಿದೆ. ಮೂಗು ಕೆಳಗೆ ಕುಕ್ಕಿ, ಮುಂದಿನ ಚಕ್ರದ ಕಾಲು ಅರ್ಧಕ್ಕೆ ಕುಸಿದಿದೆ. ಹತ್ತಾರು ಟನ್ ಒಮ್ಮೆಲೇ ನಿಲ್ಲು ಅಂದಾಗ ಎಲ್ಲಿ ನೋವಾಗುತ್ತದೆ ಅಂತ ಆ ಕಾಲು ನೋಡಿದರೆ ತಿಳಿಯುತ್ತದೆ. ನಮ್ಮ ಕಡೆ ರೆಕ್ಕೆಯ ತುದಿಯಲ್ಲಿ ಹಸಿರು ದೀಪ. ಸರಿಯಾಗೇ ಇದೆ, ನಾನಿರುವುದು ಬಲಗಡೆ.

ಬೆಳಕು ಮಾತ್ರ ಕೈಕೊಟ್ಟಿತು. ಲ್ಯಾಂಡಿಂಗ್ ತಡವಾಗಿ, ಸೂರ್ಯ ಮುಳುಗಿ ಆಗಿತ್ತು. ಬೆಳಗಿನಿಂದ ಗಾಳಿ ತಿರುಗಿಸಿ ತಂದ ಕಿತ್ತಳೆ ಬಣ್ಣ ಇಲ್ಲವೇ ಇಲ್ಲ. ಸಮುದ್ರದ ಅಂಚಲ್ಲಿ ಒಂದು ಮಾಸಲು ಗೆರೆ, ಅಷ್ಟೇ. ವಿಮಾನ ಪೂರ್ತಿ ಬೂದು. ಗಡಿಯಾರ ಹತ್ತು ನಿಮಿಷ ಹಿಂದಕ್ಕಿಟ್ಟು ಮತ್ತೆ ಹಾರಬಹುದಿತ್ತು. ಇನ್ನೊಂದು ಅಂಥ ಲ್ಯಾಂಡಿಂಗ್ ನನ್ನ ಕೈಲಿ ಇವತ್ತು ಆಗುತ್ತಿರಲಿಲ್ಲ.

3840×2160ರಲ್ಲಿ ತೆಗೆದದ್ದನ್ನು 1920×1080ಕ್ಕೆ ಇಳಿಸಿದೆ. ನಾಲ್ಕು ಪಿಕ್ಸೆಲ್ ಸೇರಿ ಒಂದಾದಾಗ ತಂತಿಯ ಹಲ್ಲುಹಲ್ಲು ಅಂಚು ನಯವಾಗುತ್ತದೆ. ಬಣ್ಣ ಮುಟ್ಟಲಿಲ್ಲ. ಬಾಕಿ 213 ಅಳಿಸಿದೆ. ಹಳದಿ ದೀಪದ್ದನ್ನು ಅಳಿಸುವಾಗ ಸ್ವಲ್ಪ ಕೈ ತಡೆಯಿತು.

ರಾತ್ರಿ ತಂಗಿಯನ್ನು ಕರೆದು ತೋರಿಸಿದೆ. ಮೊದಲು ಕೊಕ್ಕೆ ನೋಡಿದಳು. ಆಮೇಲೆ ತಂತಿ. ತಲೆ ಅಲ್ಲಾಡಿಸಿದಳು. ಪರದೆ ಹತ್ತಿರ ಬಗ್ಗಿ, ಹಿಂದಿನ ಸೀಟಿನ ಮೇಲೆ ಬೆರಳಿಟ್ಟಳು.

"ಇವನ್ಯಾಕೆ ನಮ್ಮನ್ನೇ ನೋಡ್ತಿದಾನೆ?"

ಜೂಮ್ ಮಾಡಿದೆ. ಮುಂದಿನ ಸೀಟಿನ ಪೈಲಟ್ ನೇರ ಮುಂದಕ್ಕೆ ನೋಡುತ್ತಿದ್ದ. ಹಿಂದಿನವನು ಹೆಲ್ಮೆಟ್ಟನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಬಾಲ್ಕನಿಯಲ್ಲಿ ನಿಂತ ನನ್ನ ಕಡೆ ನೋಡುತ್ತಿದ್ದ.