ಮುಟ್ಟಿದರೆ ಪುಡಿಯಾದ ಕವರ್

ಹೋದ ವಾರ ತಾರಸಿ ಗುಡಿಸಲು ಹೋಗಿದ್ದೆ. ಮೂಲೆಯಲ್ಲಿ ಗಿಡ ಸತ್ತ ಕುಂಡವೊಂದಿದೆ. ಮಳೆ ನೀರು ನಿಲ್ಲದಿರಲಿ ಅಂತ ಅದರ ಬಾಯಿಗೆ ತೆಳು ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ. ಎರಡು ವರ್ಷವೇ ಆಗಿರಬೇಕು, ಮರೆತೇಹೋಗಿತ್ತು. ಬಿಚ್ಚೋಣ ಅಂತ ಗಂಟಿಗೆ ಕೈ ಹಾಕಿದೆ. ಗಂಟು ಬಿಚ್ಚಲಿಲ್ಲ, ತರಗೆಲೆ ಹಾಗೆ ಪರಪರ ಪುಡಿಯಾಯಿತು. ಒಂದಷ್ಟು ಚೂರು ಬೆರಳಿಗೆ ಅಂಟಿದವು, ಒಂದಷ್ಟು ಕುಂಡದ ಮಣ್ಣಿಗೆ ಉದುರಿದವು. ಪೊರಕೆ ತರುವಷ್ಟರಲ್ಲಿ ಗಾಳಿ ಬೀಸಿತು. ಮುಗೀತು ಕಥೆ.

"ಒಳ್ಳೇದೇ ಆಯ್ತಲ್ವಾ ಅಮ್ಮ, ತಾನೇ ಕರಗಿಹೋಯ್ತು" ಅಂದಳು ಮಗಳು.

ಕರಗಿದ್ದರೆ ನನಗೂ ನೆಮ್ಮದಿಯೇ. ಬಿಸಿಲು ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಯಂಥ ಅಣುಗಳನ್ನು ತುಂಡು ಮಾಡುತ್ತಾ ಹೋಗುತ್ತದೆ, ಅಷ್ಟೇ. ತುಂಡಾದಷ್ಟೂ ಅದು ಪೆಡಸಾಗುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಒಂದಿನ ಕೈಯಲ್ಲೇ ಪಟ್ ಅಂತ ಮುರಿಯುತ್ತದಲ್ಲ, ಅದೂ ಹೀಗೇ. ಒಡೆದದ್ದು ಮಣ್ಣಾಗುವುದಿಲ್ಲ, ಇನ್ನೂ ಸಣ್ಣ ಪ್ಲಾಸ್ಟಿಕ್ ಆಗುತ್ತದೆ. 5 ಮಿಲಿಮೀಟರ್‌ಗಿಂತ ಚಿಕ್ಕದನ್ನು ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ರಿಚರ್ಡ್ ಥಾಂಪ್ಸನ್ ಎಂಬ ಸಮುದ್ರ ವಿಜ್ಞಾನಿ 2004ರಲ್ಲಿ ಬರೆದ ಮೇಲೆ ಈ ಹೆಸರು ಎಲ್ಲರ ಬಾಯಿಗೆ ಬಂತು. ಈಗ ಅದು ಸಮುದ್ರದ ಅತಿ ಆಳದ ಜಾಗವಾದ ಮರಿಯಾನ ಕಂದಕದ ತಳದಲ್ಲೂ ಸಿಕ್ಕಿದೆ, ಮನುಷ್ಯರ ರಕ್ತದಲ್ಲೂ ಸಿಕ್ಕಿದೆ.

"ಸಮುದ್ರಕ್ಕೆ ಹೋದರೆ ತೇಲುತ್ತಲ್ಲ, ಬಲೆ ಹಾಕಿ ತೆಗೀಬಹುದಲ್ವಾ?" ಅಂತ ಅವಳದು ಮುಂದಿನ ಪ್ರಶ್ನೆ. ಬಕೆಟ್‌ಗೆ ನೀರು ತುಂಬಿಸಿದೆ. ಕುಡಿಯುವ ನೀರಿನ ಖಾಲಿ ಬಾಟಲಿಯಿಂದ ಒಂದು ತುಂಡು ಕತ್ತರಿಸಿ, ಮುಚ್ಚಳದ ಜೊತೆ ಹಾಕಿದೆವು. ಮುಚ್ಚಳ ತೇಲಿತು. ಬಾಟಲಿಯ ತುಂಡು ಮೆಲ್ಲಗೆ ವಾಲಾಡುತ್ತಾ ತಳಕ್ಕೆ ಹೋಗಿ ಕೂತಿತು. ಒಂದೇ ಬಾಟಲಿ, ಆದರೆ ಎರಡು ಬಗೆ ಪ್ಲಾಸ್ಟಿಕ್. ಬಾಟಲಿ ಮಾಡುವ ಪಿಇಟಿ ಎಂಬ ಪ್ಲಾಸ್ಟಿಕ್ ನೀರಿಗಿಂತ ಭಾರ. ತೇಲುವುದೂ ಪಾಚಿ ಹತ್ತಿ ಭಾರವಾದರೆ ಮುಳುಗುತ್ತದೆ. ಫೋಟೋದಲ್ಲಿ ಕಾಣುವ ತೇಲುವ ಕಸ ಬರೀ ಮೇಲ್ಗಡೆಯ ಲೆಕ್ಕ.

ಬಾಟಲಿಯ ತಳದಲ್ಲಿ ಬಾಣಗಳ ತ್ರಿಕೋನ ಇರುತ್ತದೆ. ಅದನ್ನು ನೋಡಿ ನಾನು ಎಷ್ಟೋ ವರ್ಷ ನಿಶ್ಚಿಂತೆಯಾಗಿದ್ದೆ. ಒಳಗಿನ ಅಂಕಿ ಇದು ಯಾವ ಬಗೆಯ ಪ್ಲಾಸ್ಟಿಕ್ ಅಂತ ಹೇಳುತ್ತದೆಯೇ ಹೊರತು, ಮರುಬಳಕೆ ಆಗಿಯೇ ಆಗುತ್ತದೆ ಅಂತ ಅಲ್ಲ. 2015ರವರೆಗೆ ಜಗತ್ತಿನಲ್ಲಿ ಆದ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾದದ್ದು ಸುಮಾರು ಶೇಕಡಾ 9 ಮಾತ್ರ. ಇನ್ನು ಸ್ಯಾಷೆಗಳ ಕಥೆ ಕೇಳಲೇಬೇಡಿ. ಪ್ಲಾಸ್ಟಿಕ್, ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಅಂತ ಪದರದ ಮೇಲೆ ಪದರ ಅಂಟಿಸಿರುತ್ತಾರೆ. ಬಿಡಿಸುವ ಖರ್ಚೇ ಜಾಸ್ತಿ, ಯಾರು ಬಿಡಿಸುತ್ತಾರೆ?

ಮಾರನೇ ದಿನ ಚಿಮುಟ ಹಿಡಿದು ಕುಂಡದ ಮುಂದೆ ಕೂತೆ. ಅರ್ಧ ಗಂಟೆಯಲ್ಲಿ ಒಂದು ಚಮಚದಷ್ಟು ಚೂರು ಸಿಕ್ಕಿತು. ಬೆರಳಿಂದ ಮಣ್ಣು ಕೆದಕಿದರೆ ಇನ್ನೂ ಬಿಳಿ ಬಿಳಿ ಕಾಣುತ್ತದೆ. ಆ ಮಣ್ಣನ್ನು ಎಲ್ಲಿ ಸುರಿಯಲಿ ಅಂತ ತೋಚಿಲ್ಲ. ಸದ್ಯಕ್ಕೆ ಮೇಲೊಂದು ತಗಡು ಮುಚ್ಚಿಟ್ಟಿದ್ದೇನೆ.