ತೊಗಲುಗೊಂಬೆ ವಿಡಿಯೋ: 12.6 ಜಿಬಿ ಫೈಲನ್ನು ಚಿಕ್ಕದು ಮಾಡುವ ಕೆಲಸ ಎಲ್ಲಿಗೆ ಬಂತು

2025ರಲ್ಲಿ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗಿನಿಂದ ನನಗೆ ಒಂದೇ ಆಸೆ. ನಮ್ಮ ಕೊಪ್ಪಳದ ಸುತ್ತಮುತ್ತ ಎಲ್ಲಿ ತೊಗಲುಗೊಂಬೆ ಆಟ ನಡೆದರೂ ಹೋಗಿ ರೆಕಾರ್ಡ್ ಮಾಡಬೇಕು. ಇದು ಮೊದಲ ಮೇಳದ ಕಥೆ. ಮೇಳದ ಹಿರಿಯರು ಕೇಳಿದ್ದು ಇಷ್ಟೇ: ಪೆನ್‌ಡ್ರೈವ್ ಹಾಕಿದರೆ ಮನೆ ಟಿವಿಯಲ್ಲಿ ಓಡಬೇಕು.

ಆಟ 70 ನಿಮಿಷ. ನನ್ನ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್ ಬರೆಯುತ್ತದೆ. 8 ಬಿಟ್ ಅಂದ್ರೆ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿದರೆ ಸೆಕೆಂಡಿಗೆ 3 ಎಂಬಿ (ಮೆಗಾಬೈಟ್), ನಿಮಿಷಕ್ಕೆ 180 ಎಂಬಿ, ಒಟ್ಟು 12.6 ಜಿಬಿ. ಫೈಲ್ ಎಷ್ಟು ದೊಡ್ಡದು ಅನ್ನೋದನ್ನ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್) ಮತ್ತು ಅವಧಿ ಎರಡೇ ಸೇರಿ ತೀರ್ಮಾನಿಸುತ್ತವೆ. 1080ಪಿ (ಚಿತ್ರದ ಎತ್ತರ 1080 ಪಿಕ್ಸೆಲ್) ಅಂದ ಮಾತ್ರಕ್ಕೆ ಇಷ್ಟೇ ಸೈಜ್ ಅಂತ ಏನೂ ಇಲ್ಲ.

ಮೊದಲ ಸಲ ಎಚ್.264 ಅನ್ನೋ ವಿಡಿಯೋ ಹಿಂಡುವ ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಕೊಟ್ಟು ಎಕ್ಸ್‌ಪೋರ್ಟ್ ಮಾಡಿದೆ. 1 ಜಿಬಿ ಚಿಲ್ಲರೆ ಆಯ್ತು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಕಾಣ್ತಿತ್ತು. ಹಿರಿಯರು ಅವರ ಟಿವಿಯಲ್ಲಿ ಹತ್ತು ನಿಮಿಷ ನೋಡಿ ಕೇಳಿದರು, "ತಮ್ಮಾ, ರಾವಣನ ಕಿರೀಟದಾಗಿನ ತೂತು ಎಲ್ಲಿ ಹೋದ್ವು?"

ಅವರು ಕೇಳಿದ್ದು ಸರಿ. ತೊಗಲುಗೊಂಬೆಯ ಒಡವೆ ಅಂದ್ರೆ ಬರೀ ಬಣ್ಣ ಅಲ್ಲ. ಹದ ಮಾಡಿದ ಚರ್ಮದಲ್ಲಿ ಚಿಕ್ಕ ಚಿಕ್ಕ ತೂತು ಹೊಡೆದಿರುತ್ತಾರೆ, ಪರದೆ ಹಿಂದಿನ ಬೆಳಕು ಆ ತೂತಿನಿಂದ ಬಂದಾಗ ಅದೇ ಮುತ್ತಿನ ಸಾಲು, ಅದೇ ಕಂಠಿಹಾರ. ಆ ರಾವಣನನ್ನು ಕೊರೆದದ್ದು ಅವರ ಅಪ್ಪ. ನನ್ನ ಫೈಲಿನಲ್ಲಿ ಮುತ್ತಿನ ಸಾಲು ಇರಲಿಲ್ಲ, ಹಳದಿ ಪಟ್ಟಿ ಒಂದು ಇತ್ತು. ಗೊಂಬೆ ಅಲ್ಲಾಡಿದಾಗ ಸುತ್ತಲಿನ ಕತ್ತಲೆಯಲ್ಲಿ ಚೌಕ ಚೌಕ ಕಾಣ್ತಿತ್ತು. ಅವತ್ತೇ ನಿರ್ಧಾರ ಮಾಡಿದೆ, ಇನ್ನು ಮೇಲೆ ಅಳತೆ ಆ ತೂತುಗಳೇ. ಅವು ಉಳಿಯುವಷ್ಟು ದೊಡ್ಡ ಫೈಲ್, ಅದಕ್ಕಿಂತ ದೊಡ್ಡದು ಬೇಡ.

ಎರಡನೇ ಸಲ ಬಿಟ್‌ರೇಟ್ ಬಿಟ್ಟು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಹಿಂಡುವ ಸಾಫ್ಟ್‌ವೇರ್‌ನಲ್ಲಿ ಆರ್‌ಎಫ್ (ಗುಣಮಟ್ಟದ ನಂಬರ್) 18 ಇಟ್ಟೆ. ಇದರಲ್ಲಿ ನಾವು ಹೇಳೋದು ಗುಣಮಟ್ಟ ಮಾತ್ರ, ಕಷ್ಟದ ದೃಶ್ಯಕ್ಕೆ ಜಾಸ್ತಿ ಬಿಟ್, ಸುಲಭದ್ದಕ್ಕೆ ಕಮ್ಮಿ ಅಂತ ಎನ್‌ಕೋಡರ್ (ವಿಡಿಯೋ ಹಿಂಡುವ ಭಾಗ) ತಾನೇ ಹಂಚುತ್ತದೆ. ನಂಬರ್ ಇಳಿದಷ್ಟೂ ಚಿತ್ರ ಚೆನ್ನ. 6 ಇಳಿಸಿದರೆ ಫೈಲ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ತೂತು ಎಲ್ಲಾ ವಾಪಸ್ ಬಂದವು. ಆದರೆ ಫೈಲ್ 7.9 ಜಿಬಿ! 16 ಜಿಬಿ ಪೆನ್‌ಡ್ರೈವ್ ಖಾಲಿ ಇದ್ರೂ ಕಾಪಿ ಆಗಲಿಲ್ಲ. ಅದು ಫ್ಯಾಟ್32 (ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಹಳೇ ಪದ್ಧತಿ), ಅದರಲ್ಲಿ 4 ಜಿಬಿ ಮೀರಿದ ಒಂದು ಫೈಲ್ ಕೂರಲ್ಲ. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಮಾಡಿದರೆ ಅವರ ಹಳೇ ಟಿವಿ ಪೆನ್‌ಡ್ರೈವನ್ನೇ ಗುರುತಿಸಲಿಲ್ಲ. ಹಾಗಾಗಿ 4 ಜಿಬಿ ಒಳಗೇ ಇರಬೇಕು, ಇನ್ನೂ ಚೆನ್ನಾಗಿ ಹಿಂಡುವ ಎಚ್.265 ಆ ಟಿವಿಗೆ ಓಡಲ್ಲ ಆದ್ದರಿಂದ ಎಚ್.264 ಆಗಬೇಕು.

ಅರ್ಧಕ್ಕಿಂತ ಜಾಸ್ತಿ ಕತ್ತಲೆ ಇರೋ ವಿಡಿಯೋ 7.9 ಜಿಬಿ ಯಾಕೆ? ಒಂದು ಫ್ರೇಮ್ ನಿಲ್ಲಿಸಿ ನಾಲ್ಕು ಪಟ್ಟು ಹಿಗ್ಗಿಸಿ ನೋಡಿದೆ. ಕತ್ತಲೆ ತುಂಬಾ ರಾಗಿ ಚೆಲ್ಲಿದ ಹಾಗೆ ಸಣ್ಣ ಕಾಳು ಕಾಳು, ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸ್ತಾವೆ. ಹಿಂದಿನ ಫ್ರೇಮ್ ತರಾನೇ ಇದ್ದದ್ದನ್ನ ಎನ್‌ಕೋಡರ್ ಮತ್ತೆ ಬರೆಯಲ್ಲ, ಉಳಿತಾಯ ಆಗೋದೇ ಅಲ್ಲಿ. ಈ ಕಾಳು ಮಾತ್ರ ಎಲ್ಲೂ ಸುಮ್ನೆ ಇರಲ್ಲ, ಅದಕ್ಕೆ ಬಿಟ್ ಎಲ್ಲಾ ಅದಕ್ಕೇ ಹೋಗ್ತಿತ್ತು.

ಮೂರನೇ ಸಲ ಡೀನಾಯ್ಸ್ (ಕಾಳು ಅಳಿಸುವ ಫಿಲ್ಟರ್) ಜೋರಾಗಿ ಹಾಕಿದೆ. 1.4 ಜಿಬಿ. ಕಾಳಿನ ಜೊತೆ ಮುತ್ತೂ ಹೋಯ್ತು, ಪರದೆ ಬಟ್ಟೆಯ ನೂಲೂ ಹೋಯ್ತು. ತಕ್ಷಣ ಅಳಿಸಿದೆ.

ಅಷ್ಟರಲ್ಲಿ ಅದೇ ಮೇಳದ ಆಟ ಇನ್ನೊಂದು ಊರಲ್ಲಿತ್ತು. ಮತ್ತೆ ಹೋದೆ, ಈ ಸಲ ಸರಿಮಾಡಬೇಕಾದ್ದು ರೆಕಾರ್ಡಿಂಗ್ ಅಂತ ಗೊತ್ತಿತ್ತು. ಹಿಂದಿನ ಸಲ ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಟ್ಟಿದ್ದೆ. ಕ್ಯಾಮೆರಾ ಸುತ್ತಲಿನ ಕತ್ತಲೆ ನೋಡಿ ಐಎಸ್‌ಓ (ಬೆಳಕನ್ನು ಹಿಗ್ಗಿಸುವ ಮಟ್ಟ) 3200ಕ್ಕೆ ಏರಿಸಿಕೊಂಡಿತ್ತು, ಆ ಕಾಳು ಬಂದದ್ದು ಅದರಿಂದಲೇ. ಪರದೆಗೆ ಹಿಂದಿನಿಂದ ಬೆಳಕು ಇದ್ದೇ ಇದೆ, ಅಷ್ಟು ಬೇಕಾಗೇ ಇಲ್ಲ. ಕೈಯಿಂದಲೇ 800 ಇಟ್ಟೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ನಮ್ಮ ಕರೆಂಟ್ 50 ಹರ್ಟ್ಸ್ ಆಗಿರೋದರಿಂದ ಬಲ್ಬಿನ ಬೆಳಕು ವಿಡಿಯೋದಲ್ಲಿ ಮಿಣುಕಲಿಲ್ಲ. ಟ್ರೈಪಾಡ್ ಅಲುಗಾಡಿಸಲಿಲ್ಲ.

ಆಮೇಲೆ ಪೂರ್ತಿ ಆಟ ಎಕ್ಸ್‌ಪೋರ್ಟ್ ಮಾಡೋ ಬದಲು ಲಂಕೆ ಸುಡೋ ಭಾಗದ ಎರಡೇ ನಿಮಿಷ ತಗೊಂಡೆ. ಇಡೀ ಆಟದಲ್ಲಿ ಕಷ್ಟದ್ದು ಅದೇ, ಹನುಮಂತ ಹಾರ್ತಾನೆ, ಬೆಂಕಿ ಬೀಸ್ತದೆ, ಪರದೆ ತುಂಬಾ ಕೆಂಪು. ಆರ್‌ಎಫ್ 18, 20, 22, 24 ನಾಲ್ಕೂ ಮಾಡಿ ಒಂದರ ಹಿಂದೆ ಒಂದು ನೋಡಿದೆ. 22ಕ್ಕೆ ತೂತು ಅಂಟಿಕೊಳ್ಳೋಕೆ ಶುರು. 20ರಲ್ಲಿ ಬಿಡಿಬಿಡಿಯಾಗಿ ಕಾಣ್ತವೆ. ಕೆಂಪಿನ ಅಂಚು ಮಾತ್ರ 18ರಲ್ಲೂ ಕೊಂಚ ಮಸುಕು. ಅದಕ್ಕೆ ಎಕ್ಸ್‌ಪೋರ್ಟ್‌ನಲ್ಲಿ ಔಷಧ ಇಲ್ಲ, ಕ್ಯಾಮೆರಾ 4:2:0 ಅನ್ನೋ ಪದ್ಧತಿಯಲ್ಲಿ ಬರೆಯುವಾಗಲೇ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇಟ್ಟುಕೊಂಡಿರುತ್ತದೆ.

ಕೊನೆಗೆ ಆರ್‌ಎಫ್ 20, ಪ್ರಿಸೆಟ್ ಸ್ಲೋ (ನಿಧಾನವಾಗಿ, ಚೆನ್ನಾಗಿ ಹಿಂಡುವ ಆಯ್ಕೆ), ಡೀನಾಯ್ಸ್ ತೀರಾ ಹಗುರ. 2.6 ಜಿಬಿ! ರಾತ್ರಿ ಮಲಗುವಾಗ ಹಚ್ಚಿಟ್ಟೆ, ಐದು ತಾಸು ತಗೊಂಡಿತು. ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ಬಳಸಿದರೆ ಅರ್ಧ ಗಂಟೆಯೂ ಬೇಡ, ಆದರೆ ಅಷ್ಟೇ ಸ್ಪಷ್ಟತೆಗೆ ಫೈಲ್ ದೊಡ್ಡದಾಗ್ತದೆ. ಒಂದೇ ಸಲ ಮಾಡೋ ಕೆಲಸಕ್ಕೆ ಐದು ತಾಸು ಕೊಡಬಹುದು ಅಲ್ವಾ? ಆಡಿಯೋ 192 ಕಿಲೋಬಿಟ್ ಹಾಗೇ ಬಿಟ್ಟೆ. 128ಕ್ಕೆ ಇಳಿಸಿದರೆ ಇಡೀ ಆಟಕ್ಕೆ ಉಳಿಯೋದು 34 ಎಂಬಿ, ಅಷ್ಟಕ್ಕೆ ಹಾರ್ಮೋನಿಯಂ, ತಾಳದ ದನಿ ಕೆಡಿಸೋದು ನನಗೆ ಬೇಡ.

ಚಿಕ್ಕ ತುಣುಕುಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸ್ತಿದ್ದೇನೆ. ವಿಡಿಯೋ ಅಂತ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ಕ್ಯಾಮೆರಾದ ಮೂಲ ಫೈಲ್ ಎರಡು ಹಾರ್ಡ್‌ಡಿಸ್ಕಿನಲ್ಲಿ ಇದೆ, ಅದನ್ನು ಯಾವತ್ತೂ ಅಳಿಸಲ್ಲ.

ಭಾನುವಾರ ಪೆನ್‌ಡ್ರೈವ್ ಕೊಡಲು ಹೋದಾಗ ಹಿರಿಯರು ಟಿವಿ ಹತ್ತಿರ ಕೂತು ರಾವಣ ಬರೋತನಕ ಮಾತಾಡಲಿಲ್ಲ. ಬಂದಾಗ ಕಿರೀಟದ ಮೇಲೆ ಬೆರಳಿಟ್ಟು ಮೊಮ್ಮಗನಿಗೆ ತೋರಿಸಿದರು. ಆಮೇಲೆ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಮಿನಿ ಡಿವಿ ಕ್ಯಾಸೆಟ್ (ಹಳೇ ವಿಡಿಯೋ ಕ್ಯಾಮೆರಾದ ಟೇಪ್) ಒಂದು ತಂದುಕೊಟ್ಟರು, ಅವರ ಅಪ್ಪ ಆಡಿಸಿದ ಆಟವಂತೆ. ಅದನ್ನು ಓಡಿಸೋ ಕ್ಯಾಮ್‌ಕಾರ್ಡರ್ ಈಗ ಗಂಗಾವತಿ, ಹೊಸಪೇಟೆ ಎಲ್ಲಾ ಕಡೆ ಹುಡುಕ್ತಿದ್ದೇನೆ.